ಗ್ಯಾಸ್ ಕಾಂಟ್ರಾಕ್ಟ್ ರಿನ್ಯೂ ಮಾಡಬೇಕಾ, ಬಿಡಬೇಕಾ? ಓಹಾಯೋದಲ್ಲಿರುವ ನಮ್ಮವರಿಗೆ ಒಂದು ಲೆಕ್ಕ

ಓಹಾಯೋದಲ್ಲಿ ಗ್ಯಾಸ್ ಮಾರುವ ಕಂಪನಿಯೊಂದರ ಜೊತೆ ನಿಮ್ಮ ಹೆಸರಲ್ಲಿ ಕಾಂಟ್ರಾಕ್ಟ್ ಇದ್ದರೆ, ಈ ಪತ್ರ ನಿಮ್ಮ ಅಂಚೆಡಬ್ಬಿಗೂ ಒಂದಲ್ಲ ಒಂದು ದಿನ ಬರುತ್ತದೆ. "ನಿಮ್ಮ ನ್ಯಾಚುರಲ್ ಗ್ಯಾಸ್ ಕಾಂಟ್ರಾಕ್ಟ್ ಮುಗಿಯುತ್ತಾ ಬಂದಿದೆ. ಹೊಸ ಫಿಕ್ಸೆಡ್ ರೇಟ್ ಇಷ್ಟು. ಮುಂದುವರಿಯಲು ನೀವು ಏನೂ ಮಾಡಬೇಕಿಲ್ಲ." ಪತ್ರದಲ್ಲಿ ಜಾಸ್ತಿ ದುಡ್ಡು ಕೀಳುವ ಸಾಲು ಈ ಕೊನೆಯದೇ. ಸುಮ್ನೆ ಇದ್ದರೆ ಅದೇ ಒಪ್ಪಿಗೆ ಅಂತ ಲೆಕ್ಕ. ಹಾಗಂತ ರಿನ್ಯೂ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕೆಲವು ಮನೆಗಳಿಗೆ ಫಿಕ್ಸೆಡ್ ರೇಟೇ ಸರಿ. ಆದರೆ ಅರ್ಧ ಗಂಟೆ ಕೂತು ಲೆಕ್ಕ ಹಾಕಿದ ಮೇಲೆ ಆ ತೀರ್ಮಾನಕ್ಕೆ ಬರಬೇಕು.

ಊರಲ್ಲಿ ನಮಗೆ ಈ ಅಭ್ಯಾಸ ಇಲ್ಲ. ಬೆಂಗಳೂರಿನ ಮನೆಗೆ ಪೈಪ್ ಗ್ಯಾಸ್ ಇದ್ದರೆ ಗೇಲ್ ಗ್ಯಾಸ್ ಹೇಳಿದ್ದೇ ರೇಟು. ಇಲ್ಲಿ ಪೈಪ್ ಒಬ್ಬರದು, ಅದರೊಳಗೆ ಬರುವ ಗ್ಯಾಸ್ ಮಾರುವವರು ಬೇರೆ ಹತ್ತಾರು ಜನ. ಕೊಲಂಬಸ್ ಸುತ್ತಮುತ್ತ ಪೈಪ್ ಕೊಲಂಬಿಯಾ ಗ್ಯಾಸ್‌ನದು. ಕ್ಲೀವ್‌ಲ್ಯಾಂಡ್, ಆಕ್ರನ್ ಕಡೆ ಎನ್‌ಬ್ರಿಡ್ಜ್ ಗ್ಯಾಸ್ ಓಹಾಯೋದ್ದು. ಹಿಂದೆ ಡೊಮಿನಿಯನ್ ಅಂತಿತ್ತಲ್ಲ, ಅದೇ ಕಂಪನಿ, 2024ರಲ್ಲಿ ಕೈ ಬದಲಾಯಿತು. ಡೇಟನ್ ಕಡೆ ಸೆಂಟರ್‌ಪಾಯಿಂಟ್, ಸಿನ್ಸಿನಾಟಿ ಕಡೆ ಡ್ಯೂಕ್ ಎನರ್ಜಿ. ಪೈಪಿನವರನ್ನು ನೀವು ಬದಲಾಯಿಸುವ ಹಾಗಿಲ್ಲ. ಗ್ಯಾಸ್ ಲೀಕ್ ಆದರೆ ಓಡಿ ಬರುವವರೂ ಅವರೇ. ಮಾರುವವರನ್ನು, ಅಂದರೆ ಸಪ್ಲೈಯರ್‌ನನ್ನು, ಮಾತ್ರ ಬದಲಾಯಿಸಬಹುದು.

ಮೊದಲು ಬಿಲ್ ಬಿಚ್ಚಿ ನೋಡಿ

ಬಿಲ್ಲಿನಲ್ಲಿ ಎರಡು ಭಾಗ ಇರುತ್ತದೆ. ಒಂದು ಡೆಲಿವರಿ: ಪೈಪ್, ಮೀಟರ್, ರಿಪೇರಿ ಇತ್ಯಾದಿಗೆ. ಇನ್ನೊಂದು ಗ್ಯಾಸ್ ಸಪ್ಲೈ: ನೀವು ನಿಜವಾಗಿ ಉರಿಸಿದ ಗ್ಯಾಸಿನ ಬೆಲೆ. ಪತ್ರದಲ್ಲಿರುವ ರೇಟ್ ಎರಡನೇ ಭಾಗಕ್ಕೆ ಮಾತ್ರ ಸಂಬಂಧಪಟ್ಟಿದ್ದು. ಡೆಲಿವರಿ ಚಾರ್ಜ್ ಯಾರ ಹತ್ತಿರ ಗ್ಯಾಸ್ ಕೊಂಡರೂ ಅಷ್ಟೇ. ಬೇಸಿಗೆಯಲ್ಲಿ ಒಲೆ ಮತ್ತು ಬಿಸಿನೀರಿಗೆ ಬಿಟ್ಟರೆ ಗ್ಯಾಸ್ ಮುಟ್ಟದಿದ್ದರೂ ಬಿಲ್ ದೊಡ್ಡದಾಗಿಯೇ ಬರುತ್ತದೆ. ಅದಕ್ಕೆ ಕಾರಣ ಈ ಡೆಲಿವರಿ ಭಾಗ. ಅದನ್ನು ನೋಡಿ ಸಪ್ಲೈಯರ್ ಮೋಸ ಮಾಡಿದ ಅಂದುಕೊಳ್ಳಬೇಡಿ.

ಆಮೇಲೆ ಯೂನಿಟ್ ನೋಡಿ. ಕೊಲಂಬಿಯಾ ಗ್ಯಾಸ್ ಬಿಲ್ ಸಿಸಿಎಫ್ ಲೆಕ್ಕದಲ್ಲಿ ಬರುತ್ತದೆ. ಒಂದು ಸಿಸಿಎಫ್ ಅಂದರೆ 100 ಘನ ಅಡಿ. ಎನ್‌ಬ್ರಿಡ್ಜ್ ಕಡೆ ಎಂಸಿಎಫ್, ಅಂದರೆ 1000 ಘನ ಅಡಿ. ಹಾಗಾಗಿ ಒಬ್ಬರು 60 ಸೆಂಟ್, ಇನ್ನೊಬ್ಬರು 6 ಡಾಲರ್ ಅಂದರೆ ಎರಡೂ ಒಂದೇ ಬೆಲೆ. ಕ್ಲೀವ್‌ಲ್ಯಾಂಡಿನ ಗೆಳೆಯರು ವಾಟ್ಸಾಪಲ್ಲಿ ಹಾಕಿದ ರೇಟನ್ನು ಕೊಲಂಬಸ್ಸಿನ ನಿಮ್ಮ ರೇಟಿಗೆ ಹೋಲಿಸುವ ಮೊದಲು ಇದೊಂದು ನೆನಪಿರಲಿ.

ಪತ್ರದಿಂದ ಐದು ವಿಷಯ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹೊಸ ರೇಟ್ ಎಷ್ಟು. ಎಷ್ಟು ತಿಂಗಳಿಗೆ. ತಿಂಗಳ ಫೀ ಬೇರೆ ಇದೆಯಾ. ಮಧ್ಯದಲ್ಲಿ ಬಿಟ್ಟರೆ ದಂಡ ಎಷ್ಟು. ಯಾವ ತಾರೀಖಿನೊಳಗೆ ಬೇಡ ಅನ್ನಬೇಕು. ಕೊನೆಯದನ್ನು ಕೂಡಲೇ ಫೋನಿನ ಕ್ಯಾಲೆಂಡರಿಗೆ ಹಾಕಿಬಿಡಿ.

"ಫಿಕ್ಸೆಡ್" ಅನ್ನುವ ಮಾತು ಪತ್ರದಲ್ಲಿ ನಿಜವಾಗಿ ಇದೆಯಾ ಅಂತಲೂ ನೋಡಿ. ಕೆಲವು ಕಾಂಟ್ರಾಕ್ಟ್‌ಗಳು ಅವಧಿ ಮುಗಿದ ಮೇಲೆ ತಿಂಗಳು ತಿಂಗಳಿಗೆ ಬದಲಾಗುವ ವೇರಿಯಬಲ್ ರೇಟಿಗೆ ಜಾರುತ್ತವೆ. ಅಲ್ಲಿ ಬೆಲೆ ಎಷ್ಟು ಅಂತ ನಿರ್ಧರಿಸುವುದು ಸಪ್ಲೈಯರ್. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಕೆಟ್ಟ ಜಾಗ. ಫಿಕ್ಸೆಡ್ ರೇಟಿನ ನೆಮ್ಮದಿಯೂ ಇಲ್ಲ, ಮುಂದೆ ಹೇಳುವ ಎಸ್‌ಸಿಓ ರೇಟಿನ ಪಾರದರ್ಶಕತೆಯೂ ಇಲ್ಲ.

ಹೋಲಿಸಬೇಕಾದ ರೇಟ್ ಯಾವುದು?

ಬಹಳಷ್ಟು ಜನ ಹೊಸ ರೇಟನ್ನು ತಮ್ಮ ಹಳೇ ರೇಟಿಗೆ ಹೋಲಿಸುತ್ತಾರೆ. ಹಳೇದು 55 ಸೆಂಟ್ ಇತ್ತು, ಈಗ 69, "ಅಯ್ಯೋ ಜಾಸ್ತಿ ಆಯ್ತು" ಅಂತಲೋ, ಹಳೇದು 80 ಇತ್ತು, "ಕಮ್ಮಿ ಆಯ್ತು, ಸದ್ಯ" ಅಂತಲೋ. ಇದರಿಂದ ಏನೂ ತಿಳಿಯುವುದಿಲ್ಲ. ಹಳೇ ರೇಟ್ ಮತ್ತೆ ನಿಮಗೆ ಸಿಗುವುದಿಲ್ಲವಲ್ಲ. ರಿನ್ಯೂ ಬೇಡ ಅಂದು, ಬೇರೆ ಯಾರಿಗೂ ಸಹಿ ಹಾಕದೇ ಇದ್ದರೆ ಯಾವ ರೇಟ್ ಬೀಳುತ್ತದೋ ಅದಕ್ಕೆ ಹೋಲಿಸಬೇಕು.

ಓಹಾಯೋದ ಹೆಚ್ಚಿನ ಭಾಗದಲ್ಲಿ ಆ ರೇಟಿಗೆ ಸ್ಟ್ಯಾಂಡರ್ಡ್ ಚಾಯ್ಸ್ ಆಫರ್, ಚಿಕ್ಕದಾಗಿ ಎಸ್‌ಸಿಓ, ಅನ್ನುತ್ತಾರೆ. ಅದು ಎರಡು ಸಂಖ್ಯೆಗಳ ಮೊತ್ತ. ಮೊದಲನೆಯದು ನ್ಯೂಯಾರ್ಕಿನ ನೈಮೆಕ್ಸ್ ಮಾರುಕಟ್ಟೆಯಲ್ಲಿ ಆ ತಿಂಗಳ ಗ್ಯಾಸ್ ಫ್ಯೂಚರ್ಸ್ (ಮುಂದೆ ಕೊಡುವ ಗ್ಯಾಸಿಗೆ ಮೊದಲೇ ಬೆಲೆ ಕಟ್ಟುವ ವ್ಯಾಪಾರ) ಮುಕ್ತಾಯವಾದ ಬೆಲೆ. ಲೂಸಿಯಾನಾದ ಹೆನ್ರಿ ಹಬ್ ಅನ್ನುವ ಜಾಗದಲ್ಲಿ ಕೊಡುವ ಗ್ಯಾಸಿಗೆ ಕಟ್ಟುವ ಬೆಲೆ ಅದು. ಎರಡನೆಯದು ಅದರ ಮೇಲೆ ಸಪ್ಲೈಯರ್‌ಗಳು ಕೇಳುವ ಸೇರ್ಪಡೆ ಮೊತ್ತ. ಅದು ಹರಾಜಿನಲ್ಲಿ ತೀರ್ಮಾನವಾಗುತ್ತದೆ. ಕೊಲಂಬಿಯಾ ಗ್ಯಾಸಿನಲ್ಲಿ ಈ ಸೇರ್ಪಡೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಒಂದು ವರ್ಷ ಬದಲಾಗುವುದಿಲ್ಲ. ನೈಮೆಕ್ಸ್ ಭಾಗ ಪ್ರತಿ ತಿಂಗಳೂ ಬದಲಾಗುತ್ತದೆ. ಡ್ಯೂಕ್ ಗಿರಾಕಿಗಳಿಗೆ ಇದರ ಜಾಗದಲ್ಲಿ ಜಿಸಿಆರ್ (ಗ್ಯಾಸ್ ಕಾಸ್ಟ್ ರಿಕವರಿ) ಅನ್ನುವ ರೇಟ್ ಇರುತ್ತದೆ, ಹೋಲಿಸುವ ರೀತಿ ಒಂದೇ.

ಎಸ್‌ಸಿಓಗೆ ದಂಡ ಇಲ್ಲ, ಅವಧಿ ಇಲ್ಲ, ಯಾವಾಗ ಬೇಕಾದರೂ ಬಿಡಬಹುದು. ಇದರಲ್ಲಿದ್ದರೂ ಬಿಲ್ಲಿನಲ್ಲಿ ಯಾವುದೋ ಸಪ್ಲೈಯರ್ ಹೆಸರು ಕಾಣುತ್ತದೆ. ಹರಾಜಿನಲ್ಲಿ ಗೆದ್ದವರಿಗೆ ಗಿರಾಕಿಗಳನ್ನು ಹಂಚಿರುತ್ತಾರೆ, ಅಷ್ಟೇ. ಯಾರೋ ಹೇಳದೆ ಕೇಳದೆ ಕಂಪನಿ ಬದಲಾಯಿಸಿದರು ಅಂತ ಗಾಬರಿಯಾಗಬೇಡಿ.

ಈ ತಿಂಗಳ ಎಸ್‌ಸಿಓ ರೇಟ್ ಎಷ್ಟು ಅಂತ ಪೈಪ್ ಕಂಪನಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ರಾಜ್ಯದ ಪಬ್ಲಿಕ್ ಯುಟಿಲಿಟೀಸ್ ಕಮಿಷನ್, ಎಲ್ಲರೂ ಪಿಯುಸಿಓ ಅನ್ನುತ್ತಾರಲ್ಲ, ಅವರ "ಎನರ್ಜಿ ಚಾಯ್ಸ್ ಓಹಾಯೋ" ತಾಣದಲ್ಲೂ ಇರುತ್ತದೆ. ಆದರೆ ಒಂದು ತಿಂಗಳ ರೇಟ್ ನೋಡಿ ವರ್ಷದ ತೀರ್ಮಾನ ಮಾಡಬೇಡಿ. ಮೇ ತಿಂಗಳ ರೇಟ್ ಜನವರಿಗೆ ಇರುವುದಿಲ್ಲ.

ನಿಮ್ಮ ಮನೆಯ ಹನ್ನೆರಡು ತಿಂಗಳು

ಈಗ ಬಿಲ್ಲಿನಿಂದಲೋ ಆನ್‌ಲೈನ್ ಖಾತೆಯಿಂದಲೋ ಹಿಂದಿನ 12 ತಿಂಗಳಲ್ಲಿ ಎಷ್ಟೆಷ್ಟು ಸಿಸಿಎಫ್ ಉರಿಸಿದಿರಿ ಅಂತ ತೆಗೆಯಿರಿ. ಲೆಕ್ಕ ತೋರಿಸಲು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಫರ್ನೇಸ್, ಬಿಸಿನೀರಿನ ಟ್ಯಾಂಕ್, ಒಲೆ ಮೂರೂ ಗ್ಯಾಸಿನವು. ಜನವರಿ 170, ಫೆಬ್ರವರಿ 150, ಮಾರ್ಚ್ 120, ಏಪ್ರಿಲ್ 60, ಮೇ 30, ಜೂನ್ 15, ಜುಲೈ 12, ಆಗಸ್ಟ್ 12, ಸೆಪ್ಟೆಂಬರ್ 16, ಅಕ್ಟೋಬರ್ 45, ನವೆಂಬರ್ 100, ಡಿಸೆಂಬರ್ 150. ಒಟ್ಟು 880 ಸಿಸಿಎಫ್. ಇದರಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗಿನ ಐದು ತಿಂಗಳದ್ದೇ 690. ಅಂದರೆ ನೂರಕ್ಕೆ 78ರಷ್ಟು ಗ್ಯಾಸ್ ಚಳಿಗಾಲದಲ್ಲೇ ಉರಿಯಿತು. ಹಾಗಾಗಿ ಬೇಸಿಗೆ ರೇಟ್ ಎಷ್ಟಿದ್ದರೂ ನಮಗೆ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಆ ಐದು ತಿಂಗಳ ರೇಟ್ ಮೇಲೆ ಮಾತ್ರ ತಲೆ ಕೆಡಿಸಿಕೊಂಡರೆ ಸಾಕು.

ಬರುವ ಚಳಿಗಾಲದ ಎಸ್‌ಸಿಓ ಎಷ್ಟಾಗಬಹುದು? ಯಾರಿಗೂ ಖಚಿತವಾಗಿ ಗೊತ್ತಿರುವುದಿಲ್ಲ. ಆದರೆ ಮಾರುಕಟ್ಟೆ ಇವತ್ತು ಏನು ಅಂದುಕೊಂಡಿದೆ ಅಂತ ನೋಡಬಹುದು. ನೈಮೆಕ್ಸ್ ನಡೆಸುವ ಸಿಎಂಇ ಗ್ರೂಪ್ ತಾಣದಲ್ಲಿ ಹೆನ್ರಿ ಹಬ್ ಫ್ಯೂಚರ್ಸ್ ಬೆಲೆ ತಿಂಗಳುವಾರು ಇರುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗಿನ ಐದು ಬೆಲೆಗಳ ಸರಾಸರಿ ತೆಗೆಯಿರಿ. ಅದು ಎಂಎಂಬಿಟಿಯು ಲೆಕ್ಕದಲ್ಲಿ, ಅಂದರೆ ಗ್ಯಾಸ್ ಕೊಡುವ ಶಾಖದ ಅಳತೆಯಲ್ಲಿ, ಇರುತ್ತದೆ. ಮನೆ ಲೆಕ್ಕಕ್ಕೆ ಒಂದು ಎಂಎಂಬಿಟಿಯು ಅಂದರೆ ಸುಮಾರು 10 ಸಿಸಿಎಫ್. ಹತ್ತರಿಂದ ಭಾಗಿಸಿ, ಈಗಿನ ಎಸ್‌ಸಿಓ ಸೇರ್ಪಡೆ ಕೂಡಿಸಿ. ಬಂದಿದ್ದು ನಿಮ್ಮ ಅಂದಾಜು. ಇಷ್ಟೆಲ್ಲ ಬೇಡ ಅನ್ನಿಸಿದರೆ ಅಮೆರಿಕದ ಎನರ್ಜಿ ಇನ್ಫರ್ಮೇಷನ್ ಅಡ್ಮಿನಿಸ್ಟ್ರೇಷನ್ ಪ್ರತಿ ತಿಂಗಳೂ ಕೊಡುವ ಮುನ್ನೋಟದಲ್ಲಿ ಹೆನ್ರಿ ಹಬ್ ಬೆಲೆಯ ಅಂದಾಜು ಇರುತ್ತದೆ, ಅದನ್ನೇ ಹಿಡಿಯಿರಿ.

ನಮ್ಮ ಕಲ್ಪನೆಯ ಮನೆಗೆ ಅಂದಾಜು ಹೀಗೆ ಬಂತು ಅನ್ನೋಣ: ಚಳಿಗಾಲಕ್ಕೆ 58 ಸೆಂಟ್, ಉಳಿದ ತಿಂಗಳಿಗೆ 50 ಸೆಂಟ್. 690 ಸಿಸಿಎಫ್‌ಗೆ 400 ಡಾಲರ್, ಉಳಿದ 190ಕ್ಕೆ 95 ಡಾಲರ್. ವರ್ಷಕ್ಕೆ 495. ಪತ್ರದಲ್ಲಿರುವ ರಿನ್ಯೂವಲ್ ರೇಟ್ 69 ಸೆಂಟ್. 880ರಿಂದ ಗುಣಿಸಿದರೆ 607 ಡಾಲರ್. ವ್ಯತ್ಯಾಸ 112 ಡಾಲರ್. ಬೆಲೆ ಏರಿಳಿಯದೇ ಇರಲಿ ಅಂತ ನೀವು ಕಟ್ಟುವ ಇನ್ಶೂರೆನ್ಸ್ ಪ್ರೀಮಿಯಂ ಇದು ಅಂತ ತಿಳಿದುಕೊಳ್ಳಿ.

ಈಗ ತಿರುಗಿಸಿ ಕೇಳಿ. ಈ ಪ್ರೀಮಿಯಂ ವಸೂಲಾಗಬೇಕಾದರೆ ಚಳಿಗಾಲದ ಎಸ್‌ಸಿಓ ಎಷ್ಟಕ್ಕೆ ಏರಬೇಕು? 607ರಲ್ಲಿ ಬೇಸಿಗೆಯ 95 ಕಳೆದು 690ರಿಂದ ಭಾಗಿಸಿ. 74 ಸೆಂಟ್ ಬರುತ್ತದೆ. ಅಂದರೆ ಮಾರುಕಟ್ಟೆಯ ಅಂದಾಜಿಗಿಂತ ನೂರಕ್ಕೆ 28ರಷ್ಟು ಜಾಸ್ತಿ ಆಗಬೇಕು, ಅದೂ ಐದು ತಿಂಗಳ ಸರಾಸರಿಯಾಗಿ. ಹಾಗೆ ಆಗುವುದೇ ಇಲ್ಲ ಅಂತಲ್ಲ. ಆದರೆ ಒಂದು ವಾರದ ಚಳಿಗೆ ಆಗುವಂಥದ್ದೂ ಅಲ್ಲ.

ಒಂದೇ ಅಂಗಡಿಯಲ್ಲಿ ನಿಲ್ಲಬೇಡಿ

ರಿನ್ಯೂವಲ್ ಪತ್ರ ನಿಮ್ಮ ಮುಂದೆ ಎರಡೇ ದಾರಿ ಇಡುತ್ತದೆ: ಇರು, ಇಲ್ಲ ಬಿಡು. ಮೂರನೇ ದಾರಿ ಪಿಯುಸಿಓ ತಾಣದಲ್ಲಿದೆ. ಅಲ್ಲಿ "ಆ್ಯಪಲ್ಸ್ ಟು ಆ್ಯಪಲ್ಸ್" ಅನ್ನುವ ಪಟ್ಟಿ ಇದೆ. ನಿಮ್ಮ ಪೈಪ್ ಕಂಪನಿ ಆರಿಸಿದರೆ ಸಪ್ಲೈಯರ್‌ಗಳ ಆಫರ್‌ಗಳು ಸಾಲಾಗಿ ಬರುತ್ತವೆ. ರೇಟ್, ಫಿಕ್ಸೆಡ್ಡಾ ವೇರಿಯಬಲ್ಲಾ, ಎಷ್ಟು ತಿಂಗಳು, ಬಿಟ್ಟರೆ ದಂಡ, ತಿಂಗಳ ಫೀ, ಆರಂಭದ ಆಸೆ ರೇಟಾ ಅಂತ ಎಲ್ಲ ಕಾಲಮ್ಮಿನಲ್ಲಿ ಇರುತ್ತದೆ. ಮೊದಲು ನಿಮ್ಮ ಈಗಿನ ಸಪ್ಲೈಯರ್ ಹೆಸರು ಹುಡುಕಿ. ಎಷ್ಟೋ ಸಲ ಹಳೇ ಗಿರಾಕಿಗೆ ಪತ್ರದಲ್ಲಿ ಕಳಿಸಿದ ರೇಟಿಗಿಂತ ಹೊಸಬರಿಗೆ ಅವರೇ ಅಲ್ಲಿ ಕಮ್ಮಿ ಕೊಡುತ್ತಿರುತ್ತಾರೆ. ಫೋನ್ ಮಾಡಿ ಅದೇ ರೇಟ್ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ತಿಂಗಳ ಫೀ ಕಾಲಮ್ಮಿನ ಮೇಲೆ ಕಣ್ಣಿರಲಿ. ನಮ್ಮ ಅದೇ ಮನೆಗೆ ಒಬ್ಬರು 56 ಸೆಂಟ್ ಫಿಕ್ಸೆಡ್ ಅನ್ನುತ್ತಾರೆ, ಜೊತೆಗೆ ತಿಂಗಳಿಗೆ 5.95 ಡಾಲರ್ ಫೀ. 880ಕ್ಕೆ 493 ಡಾಲರ್, ಫೀ ವರ್ಷಕ್ಕೆ 71. ಒಟ್ಟು 564. ಅಂದರೆ ನಿಜವಾದ ರೇಟ್ 64 ಸೆಂಟ್. ಪಕ್ಕದವರು ಫೀ ಇಲ್ಲದೆ 59 ಸೆಂಟಿಗೆ ಕೊಟ್ಟರೆ 519 ಡಾಲರ್, ಅದೇ ಒಳ್ಳೇದು. ಗ್ಯಾಸ್ ಕಮ್ಮಿ ಉರಿಸುವ ಮನೆಗೆ ಈ ಫೀ ಇನ್ನೂ ಭಾರ. ಕರೆಂಟಿನ ಹೀಟ್ ಪಂಪ್ ಹಾಕಿಸಿಕೊಂಡು ಒಲೆಗೆ ಮಾತ್ರ ಗ್ಯಾಸ್ ಇಟ್ಟವರು ರೇಟ್ ಕಡೆ ನೋಡುವ ಮೊದಲು ಫೀ ನೋಡಬೇಕು.

ಈ 59 ಸೆಂಟಿನ ಆಫರನ್ನು ಮತ್ತೆ ಎಸ್‌ಸಿಓ ಪಕ್ಕ ಇಡಿ. ಪ್ರೀಮಿಯಂ 24 ಡಾಲರ್ ಮಾತ್ರ. ಚಳಿಗಾಲದ ಬೆಲೆ ಅಂದಾಜಿಗಿಂತ ಕಾಲು ಭಾಗ ಏರಿದರೆ ಎಸ್‌ಸಿಓದಲ್ಲಿ ಇದ್ದವರಿಗೆ ವರ್ಷಕ್ಕೆ 595 ಡಾಲರ್ ಆಗುತ್ತದೆ. 59 ಸೆಂಟಿನವರು ಆಗ 76 ಡಾಲರ್ ಉಳಿಸುತ್ತಾರೆ. 69 ಸೆಂಟಿನವರು ಆಗಲೂ 12 ಡಾಲರ್ ಜಾಸ್ತಿಯೇ ಕಟ್ಟುತ್ತಾರೆ. ಎರಡೂ ಫಿಕ್ಸೆಡ್ ರೇಟೇ. ಆದರೆ ಮೊದಲನೆಯದು ನಾನು ತೆಗೆದುಕೊಳ್ಳುವಂಥದ್ದು, ಎರಡನೆಯದು ಬಿಡುವಂಥದ್ದು. "ಫಿಕ್ಸೆಡ್ ಒಳ್ಳೇದಾ?" ಅಂತ ಸಂಘದ ಗ್ರೂಪಿನಲ್ಲಿ ಯಾರಾದರೂ ಕೇಳಿದಾಗ, ಎಷ್ಟಕ್ಕೆ ಅಂತ ತಿರುಗಿ ಕೇಳದೆ ಉತ್ತರ ಕೊಡಲು ಬರುವುದಿಲ್ಲ.

"ಚಳಿಗಾಲದಲ್ಲಿ ಬೆಲೆ ಏರುತ್ತೆ, ಈಗಲೇ ಫಿಕ್ಸ್ ಮಾಡಿಬಿಡಿ"

ಇದನ್ನು ಫೋನಿನಲ್ಲಿ, ಬಾಗಿಲಲ್ಲಿ, ಪಾರ್ಟಿಯಲ್ಲಿ ಎಲ್ಲಾ ಕಡೆ ಕೇಳುತ್ತೀರಿ. ಚಳಿಗಾಲದಲ್ಲಿ ಬೆಲೆ ಏರುವುದು ಸಪ್ಲೈಯರ್‌ಗೂ ಗೊತ್ತು. ನಿಮಗೆ ಫಿಕ್ಸೆಡ್ ರೇಟ್ ಕೊಡುವಾಗ ಅವರು ಮುಂದಿನ ತಿಂಗಳುಗಳ ಗ್ಯಾಸನ್ನು ಇವತ್ತಿನ ಫ್ಯೂಚರ್ಸ್ ಬೆಲೆ ನೋಡಿಯೇ ಲೆಕ್ಕ ಹಾಕಿರುತ್ತಾರೆ. ನಿರೀಕ್ಷಿತ ಏರಿಕೆ ಆಗಲೇ ರೇಟಿನ ಒಳಗೆ ಕೂತಿರುತ್ತದೆ. ಯಾರೂ ನಿರೀಕ್ಷಿಸದ ಏರಿಕೆ ಬಂದರೆ ಮಾತ್ರ ನಿಮಗೆ ಲಾಭ.

ಹಾಗಾಗಿ ಜನಕ್ಕೆ ಭಯ ಜಾಸ್ತಿ ಇದ್ದಾಗ ಫಿಕ್ಸೆಡ್ ರೇಟೂ ಜಾಸ್ತಿ ಇರುತ್ತದೆ. 2022ನ್ನೇ ನೋಡಿ. ಉಕ್ರೇನ್ ಯುದ್ಧ, ಯುರೋಪಿಗೆ ಹಡಗಿನಲ್ಲಿ ಹೋಗುತ್ತಿದ್ದ ಗ್ಯಾಸ್, ಎಲ್ಲ ಸೇರಿ ಆ ವರ್ಷದ ಸೆಪ್ಟೆಂಬರ್ ಫ್ಯೂಚರ್ಸ್ ಒಂದು ಎಂಎಂಬಿಟಿಯುಗೆ 9.35 ಡಾಲರಿನಂತೆ ಮುಗಿಯಿತು. ಎರಡು ವರ್ಷ ಹಿಂದೆ, 2020ರ ಜುಲೈನದ್ದು ಒಂದೂವರೆ ಡಾಲರಿನ ಆಸುಪಾಸಿನಲ್ಲಿತ್ತು. 2022ರ ಆ ಬೇಸಿಗೆಯಲ್ಲಿ ಹೆದರಿ ಎರಡು ವರ್ಷಕ್ಕೆ ಬೀಗ ಹಾಕಿದವರು, 2024ರ ಏಪ್ರಿಲ್‌ನಲ್ಲಿ ಬೆಲೆ ಮತ್ತೆ 1.6 ಡಾಲರಿನ ಹತ್ತಿರ ಬಂದಾಗಲೂ ಹಳೇ ರೇಟನ್ನೇ ಕಟ್ಟುತ್ತಿದ್ದರು. 2020ರ ಬೇಸಿಗೆಯಲ್ಲಿ ಎರಡು ವರ್ಷಕ್ಕೆ ಫಿಕ್ಸ್ ಮಾಡಿದವರು ಗೆದ್ದರು. ಬೆಲೆ ಕೆಳಗಿದ್ದಾಗ, ಯಾರೂ ಗ್ಯಾಸ್ ಬಗ್ಗೆ ಮಾತಾಡದೇ ಇದ್ದಾಗ, ಉದ್ದದ ಅವಧಿಗೆ ಬೀಗ ಹಾಕುವುದು ಒಳ್ಳೇದು. ಸುದ್ದಿಯಲ್ಲಿ ಗ್ಯಾಸ್ ಬೆಲೆ ಓಡಾಡುತ್ತಿದ್ದರೆ ಚಿಕ್ಕ ಅವಧಿ, ಇಲ್ಲವೇ ಎಸ್‌ಸಿಓ.

ಇನ್ನೊಂದು ಭಯ ಹಿಮಗಾಳಿಯದು. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಹೆಪ್ಪುಗಟ್ಟಿದಾಗ ದಕ್ಷಿಣದ ಕೆಲವು ಕಡೆ ದಿನದ ಬೆಲೆ ನೂರಾರು ಡಾಲರಿಗೆ ಹಾರಿತು. ಆದರೆ ಎಸ್‌ಸಿಓ ನಿಂತಿರುವುದು ತಿಂಗಳಿಗೊಮ್ಮೆ ಮುಕ್ತಾಯವಾಗುವ ಫ್ಯೂಚರ್ಸ್ ಬೆಲೆಯ ಮೇಲೆ, ದಿನದ ಬೆಲೆಯ ಮೇಲಲ್ಲ. ಆ ಗಲಾಟೆಯ ನಂತರ ಮುಗಿದ 2021ರ ಮಾರ್ಚ್ ಫ್ಯೂಚರ್ಸ್ 3 ಡಾಲರಿಗಿಂತ ಕೆಳಗೇ ಇತ್ತು.

ಯಾರಿಗೆ ಫಿಕ್ಸೆಡ್, ಯಾರಿಗೆ ಬೇಡ

ತಿಂಗಳ ಬಜೆಟ್ ಬಿಗಿಯಾಗಿದ್ದು, ಜನವರಿಯಲ್ಲಿ 60 ಡಾಲರ್ ಜಾಸ್ತಿ ಬಂದರೆ ಬೇರೆ ಯಾವುದಕ್ಕೋ ಕತ್ತರಿ ಬೀಳುತ್ತದೆ ಅನ್ನುವವರಿಗೆ ಫಿಕ್ಸೆಡ್ ರೇಟಿಗೆ ಒಂದಿಷ್ಟು ಪ್ರೀಮಿಯಂ ಕೊಡುವುದು ತಪ್ಪಲ್ಲ. ಆದರೆ ಅವರು ಮೊದಲು ಪೈಪ್ ಕಂಪನಿಯ ಬಜೆಟ್ ಪ್ಲಾನ್ ಕೇಳಬೇಕು. ವರ್ಷದ ಬಿಲ್ಲನ್ನು ತಿಂಗಳಿಗೆ ಸಮ ಮಾಡಿ ಹಂಚುತ್ತಾರೆ, ಮಧ್ಯೆ ಒಂದೆರಡು ಸಲ ಸರಿಹೊಂದಿಸುತ್ತಾರೆ. ಅನೇಕರು ಫಿಕ್ಸೆಡ್ ರೇಟ್ ತೆಗೆದುಕೊಂಡರೆ ಬಿಲ್ ಪ್ರತಿ ತಿಂಗಳೂ ಒಂದೇ ಬರುತ್ತದೆ ಅಂದುಕೊಂಡಿರುತ್ತಾರೆ. ಇಲ್ಲ. ರೇಟ್ ಒಂದೇ ಇರುತ್ತದೆ. 170 ಸಿಸಿಎಫ್ ಉರಿಸಿದ ಜನವರಿಯ ಬಿಲ್ 12 ಸಿಸಿಎಫ್‌ನ ಜುಲೈಗಿಂತ ದೊಡ್ಡದಾಗಿಯೇ ಬರುತ್ತದೆ. ಬಿಲ್ ಸಮ ಆಗಬೇಕಾದರೆ ಬಜೆಟ್ ಪ್ಲಾನ್ ಬೇಕು, ಅದು ಎಸ್‌ಸಿಓ ಜೊತೆಗೂ ಸಿಗುತ್ತದೆ.

ವೀಸಾ, ಕೆಲಸ, ಮನೆ ಬದಲಾವಣೆ ಅಂತ ವರ್ಷದೊಳಗೆ ಊರು ಬಿಡುವ ಸಾಧ್ಯತೆ ಇದ್ದರೆ ದಂಡ ಇಲ್ಲದ ಆಫರ್ ಮಾತ್ರ ನೋಡಿ. ಪೈಪ್ ಕಂಪನಿಯ ವ್ಯಾಪ್ತಿ ದಾಟಿ ಹೋದರೆ ದಂಡವಿಲ್ಲದೆ ಕಾಂಟ್ರಾಕ್ಟ್ ಮುರಿಯುವ ಹಕ್ಕು ಓಹಾಯೋದಲ್ಲಿದೆ. ಆದರೆ ಕೊಲಂಬಸ್ ಪಕ್ಕದ ಡಬ್ಲಿನ್ನಿಂದ ಹತ್ತಿರದ ಪೊವೆಲ್‌ಗೆ ಹೋದರೆ ಅದು ಅನ್ವಯಿಸದೇ ಇರಬಹುದು, ಕಾಂಟ್ರಾಕ್ಟಿನಲ್ಲಿ ಓದಿ ನೋಡಿ.

ನಗರ ಅಥವಾ ಟೌನ್‌ಶಿಪ್ ಎಲ್ಲರ ಪರವಾಗಿ ಒಟ್ಟಿಗೆ ಗ್ಯಾಸ್ ಕೊಳ್ಳುವ ವ್ಯವಸ್ಥೆಯೂ ಇದೆ, ಅಗ್ರಿಗೇಷನ್ ಅನ್ನುತ್ತಾರೆ. ನಿಮ್ಮ ಊರಿನಲ್ಲಿದ್ದರೆ ಪತ್ರ ಬರುತ್ತದೆ, ಬೇಡ ಅನ್ನಲು 21 ದಿನ ಸಿಗುತ್ತದೆ. ಊರಿನ ಹೆಸರಿದೆ ಅಂತ ಕಮ್ಮಿ ಇರಲೇಬೇಕಿಲ್ಲ. ಅದನ್ನೂ ಇದೇ ಲೆಕ್ಕಕ್ಕೆ ಹಾಕಿ.

ತೀರ್ಮಾನ ಆದ ಮೇಲೆ

ಎಸ್‌ಸಿಓಗೆ ಮರಳುವುದಾದರೆ ಕೊನೇ ತಾರೀಖಿಗೆ ಮೊದಲೇ ಸಪ್ಲೈಯರ್‌ಗೆ ಫೋನ್ ಮಾಡಿ ರಿನ್ಯೂ ಬೇಡ ಅನ್ನಿ. ಕನ್ಫರ್ಮೇಷನ್ ನಂಬರ್ ಕೇಳಿ ಬರೆದುಕೊಳ್ಳಿ. ಮಾತಿನ ನಡುವೆ ಬೇರೆ ಆಫರ್ ಮುಂದಿಟ್ಟರೆ ಅಲ್ಲೇ ಹೂಂ ಅನ್ನಬೇಡಿ. ಬರವಣಿಗೆಯಲ್ಲಿ ಕಳಿಸಿ ಅನ್ನಿ. ಬೇರೆ ಸಪ್ಲೈಯರ್‌ಗೆ ಹೋಗುವುದಾದರೆ ಹಳೇ ಕಾಂಟ್ರಾಕ್ಟ್ ಮುಗಿಯುವ ದಿನ ನೋಡಿಕೊಂಡು ಸೇರಿ, ಇಲ್ಲದಿದ್ದರೆ ಹಳೇ ದಂಡ ಬೀಳಬಹುದು. ಹೊಸದಕ್ಕೆ ಸೇರಿದ ಮೇಲೆ ಪೈಪ್ ಕಂಪನಿಯಿಂದ ಒಂದು ಪತ್ರ ಬರುತ್ತದೆ. ಮನಸ್ಸು ಬದಲಾದರೆ ಅಲ್ಲಿಂದ ಏಳು ಕೆಲಸದ ದಿನದೊಳಗೆ ಪುಕ್ಕಟೆಯಾಗಿ ರದ್ದು ಮಾಡಬಹುದು.

ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರಿಗೊಂದು ಮಾತು ಹೇಳಿಡಿ. ಹಗಲು ನೀವು ಆಫೀಸಿನಲ್ಲಿದ್ದಾಗ ಕುತ್ತಿಗೆಗೆ ಕಾರ್ಡ್ ಹಾಕಿಕೊಂಡ ಒಬ್ಬ ಹುಡುಗ ಬಾಗಿಲು ತಟ್ಟುತ್ತಾನೆ. "ಗ್ಯಾಸ್ ಬಿಲ್ ತೋರಿಸಿ, ನಿಮಗೆ ರಿಯಾಯಿತಿ ಇದೆಯಾ ನೋಡ್ತೀನಿ" ಅಂತಾನೆ. ಬಿಲ್ಲಿನಲ್ಲಿ ಅಕೌಂಟ್ ನಂಬರ್ ಇರುತ್ತದೆ, ಸಪ್ಲೈಯರ್ ಬದಲಾಯಿಸಲು ಬೇಕಾಗುವುದು ಅದೇ. ಬಂದವರಿಗೆ ನೀರು ಕೊಡುವುದು ನಮ್ಮ ಪದ್ಧತಿ, ಕೊಡಲಿ. ಬಿಲ್ ಕೊಡುವುದು ಬೇಡ. ಸಪ್ಲೈಯರ್‌ಗಳಿಗೆ ಹೋಗುವ ಗಿರಾಕಿಗಳ ಪಟ್ಟಿಯಿಂದ ನಿಮ್ಮ ಹೆಸರು ತೆಗೆಸಲು ಪೈಪ್ ಕಂಪನಿಗೆ ಹೇಳಿದರೆ ಪತ್ರ, ಫೋನು ಸ್ವಲ್ಪ ಕಮ್ಮಿಯಾಗುತ್ತವೆ.

ಮುಂದಿನ ಎರಡು ಬಿಲ್ ಬಂದಾಗ ಸಪ್ಲೈಯರ್ ಹೆಸರು ಮತ್ತು ರೇಟ್ ಎರಡನ್ನೂ ನೋಡಿ. ಬದಲಾವಣೆ ಮೀಟರ್ ಓದುವ ದಿನದ ಲೆಕ್ಕದಲ್ಲಿ ಆಗುವುದರಿಂದ ಮೊದಲ ಬಿಲ್ ಹಳೇ ರೇಟಿನಲ್ಲೇ ಬರಬಹುದು. ಎರಡನೆಯದೂ ಹಾಗೇ ಬಂದರೆ ಕನ್ಫರ್ಮೇಷನ್ ನಂಬರ್ ಇಟ್ಟುಕೊಂಡು ಸಪ್ಲೈಯರ್‌ಗೆ ಫೋನ್ ಮಾಡಿ. ಅಲ್ಲಿ ಕೆಲಸ ಆಗದಿದ್ದರೆ ಪಿಯುಸಿಓಗೆ ದೂರು ಕೊಡಿ. ಪತ್ರ, ಫೋನ್ ಮಾಡಿದ ತಾರೀಖು, ಎರಡೂ ಬಿಲ್ಲಿನ ಫೋಟೋ ಜೊತೆಗಿರಲಿ.